ನೇಮ್ ಸರ್ವರಿಗೆ ಕಾವಲು: ಚೆಕ್‌ಲಿಸ್ಟಿನಿಂದ ಕೋಡಿನವರೆಗೆ

1986ರಲ್ಲಿ ದೇಶದ ಶಿಕ್ಷಣ-ಸಂಶೋಧನಾ ಜಾಲ ಎರ್ನೆಟ್ ಶುರುವಾದಾಗ ಅದರಲ್ಲಿದ್ದ ಎಂಟು ಸಂಸ್ಥೆಗಳಲ್ಲಿ ಯಶವಂತಪುರದ ಮಗ್ಗುಲಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅಲ್ಲಿನವರ ಇಮೇಲ್ ವಿಳಾಸ ಬಹುಕಾಲ 'ಎರ್ನೆಟ್ ಡಾಟ್ ಇನ್' ಎಂದೇ ಮುಗಿಯುತ್ತಿತ್ತು. ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ ರೂಪಿಸಿದ್ದು ಅದಕ್ಕೆ ಮೂರು ವರ್ಷ ಮೊದಲು, 1983ರಲ್ಲಿ. ಆಗ ಜಾಲದಲ್ಲಿದ್ದವರು ಹೆಚ್ಚಾಗಿ ಸಂಶೋಧಕರು. ಬಂದ ಉತ್ತರ ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಏರ್ಪಾಟು ಆ ವಿನ್ಯಾಸದಲ್ಲಿ ಇರಲಿಲ್ಲ. ಆಮೇಲಿನ ನಾಲ್ಕು ದಶಕದ ಭದ್ರತಾ ಕೆಲಸವೆಲ್ಲ ಆ ಕೊರತೆಯನ್ನು ತುಂಬುವ ಪ್ರಯತ್ನವೇ.

2001ರಲ್ಲಿ ಲಯನ್ ಎಂಬ ವರ್ಮ್ ಬೈಂಡ್ ಎಂಬ ಡಿಎನ್‌ಎಸ್ ಸರ್ವರ್ ತಂತ್ರಾಂಶದ ದೋಷ ಹಿಡಿದು ಲಿನಕ್ಸ್ ಸರ್ವರುಗಳಿಗೆ ನುಗ್ಗಿತು. 2008ರಲ್ಲಿ ಡ್ಯಾನ್ ಕಮಿನ್‌ಸ್ಕಿ, ಸರ್ವರಿನ ಕ್ಯಾಶ್‌ನೊಳಗೆ ಸುಳ್ಳು ವಿಳಾಸ ತುಂಬುವುದು ಎಷ್ಟು ಸುಲಭವೆಂದು ತೋರಿಸಿದರು. ಈ ನಡುವೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2006ರಲ್ಲಿ ಡಿಎನ್‌ಎಸ್ ಭದ್ರತೆಯ ಕೈಪಿಡಿ ತಂದಿತು. ಸಿಐಎಸ್ ಬೆಂಚ್‌ಮಾರ್ಕ್, ಅಮೆರಿಕದ ರಕ್ಷಣಾ ಇಲಾಖೆಯ ಸ್ಟಿಗ್ ಪಟ್ಟಿಗಳೂ ಬಂದವು. ಯಾವ ಸರ್ವರಿಗೂ ಕನಿಷ್ಠ ಇಷ್ಟು ಬಿಗಿ ಇರಲೇಬೇಕು ಎನ್ನುವ ಬೇಸ್‌ಲೈನ್ ಹೀಗೆ ಬರಹಕ್ಕೆ ಇಳಿಯಿತು. ಆದರೆ ಪಟ್ಟಿಯನ್ನು ಪ್ರಿಂಟ್ ತೆಗೆದು, ಆಡಿಟ್‌ಗೆ ಮುಂಚೆ ಟಿಕ್ ಹಾಕಿ, ಮತ್ತೆ ಮುಂದಿನ ಆಡಿಟ್‌ವರೆಗೆ ಮರೆತುಬಿಡುವ ಪದ್ಧತಿಯಿಂದ ಸರ್ವರ್ ಉಳಿಯುವುದಿಲ್ಲ.

ಉದಾಹರಣೆಗೆ ರಿಕರ್ಷನ್ ಎಂಬ ಒಂದೇ ಆಯ್ಕೆಯನ್ನು ನೋಡಿ. ಅದನ್ನು ಎಲ್ಲರಿಗೂ ತೆರೆದಿಟ್ಟ ಸರ್ವರ್ ಜಗತ್ತಿನ ಯಾವ ಮೂಲೆಯಿಂದ ಯಾರು ಏನು ಕೇಳಿದರೂ ಹುಡುಕಿ ಉತ್ತರಿಸುತ್ತದೆ. ದಾಳಿಕೋರ ಬೇರೊಬ್ಬರ ವಿಳಾಸ ಹಾಕಿ ಪುಟ್ಟ ಪ್ರಶ್ನೆ ಕಳಿಸುತ್ತಾನೆ, ಅದರ ಹತ್ತಾರು ಪಟ್ಟು ದೊಡ್ಡ ಉತ್ತರ ಹೋಗಿ ಆ ಬಡಪಾಯಿಯ ಮೇಲೆ ಬೀಳುತ್ತದೆ. 2013ರ ಮಾರ್ಚ್‌ನಲ್ಲಿ ಸ್ಪಾಮ್ ತಡೆಯುವ ಸಂಸ್ಥೆ ಸ್ಪಾಮ್‌ಹೌಸ್ ಮೇಲೆ ಸೆಕೆಂಡಿಗೆ ಸುಮಾರು 300 ಗಿಗಾಬಿಟ್ ದಾಳಿ ನಡೆದದ್ದು ಇದೇ ದಾರಿಯಲ್ಲಿ. 2007ರ ಬೈಂಡ್ 9.4 ಆವೃತ್ತಿಯಿಂದ ರಿಕರ್ಷನ್ ಸೌಲಭ್ಯ ತಾನಾಗಿಯೇ ಸ್ಥಳೀಯ ಜಾಲಕ್ಕೆ ಸೀಮಿತವಾಗಿತ್ತು. ಆದರೂ ಹಳೆಯ ಕಾನ್ಫಿಗ್ ಫೈಲಿನಲ್ಲಿ ಯಾರೋ 'ಎನಿ' ಎಂದು ಬರೆದಿಟ್ಟಿದ್ದರೆ, ತಂತ್ರಾಂಶ ಎಷ್ಟು ಸಲ ಅಪ್‌ಗ್ರೇಡ್ ಆದರೂ ಆ ಸಾಲು ಹಾಗೇ ಉಳಿಯುತ್ತದೆ.

ಇಂಥ ಸಾಲುಗಳನ್ನು ಕೈಯಿಂದ ಹುಡುಕುವ ಕಷ್ಟ ತಪ್ಪಿಸಿದ್ದು ಕಾನ್ಫಿಗರೇಶನ್ ಸಾಧನಗಳು. 1993ರಲ್ಲಿ ಮಾರ್ಕ್ ಬರ್ಜೆಸ್ ಅವರ ಸಿಎಫ್‌ಎಂಜಿನ್, 2005ರಲ್ಲಿ ಪಪೆಟ್, 2012ರಲ್ಲಿ ಆನ್ಸಿಬಲ್. ಸರ್ವರ್ ಹೇಗಿರಬೇಕು ಎಂದು ಬರೆದಿಟ್ಟರೆ ಸಾಕು, ಸಾಧನ ಅದನ್ನು ಆ ಸ್ಥಿತಿಗೆ ತರುತ್ತದೆ. ಆಮೇಲೆ ಎಷ್ಟು ಸಲ ಓಡಿಸಿದರೂ ಸರಿಯಿದ್ದುದನ್ನು ಮುಟ್ಟುವುದಿಲ್ಲ. ಆನ್ಸಿಬಲ್ ಇಂದು ರೆಡ್ ಹ್ಯಾಟ್ ಮೂಲಕ ಐಬಿಎಂ ಒಡೆತನದಲ್ಲಿದೆ. ಐಬಿಎಂನ ದೊಡ್ಡ ಕಚೇರಿಯೊಂದು ಹೆಬ್ಬಾಳದ ಬಳಿಯ ಮಾನ್ಯತಾ ಟೆಕ್ ಪಾರ್ಕಿನಲ್ಲೇ ಇದೆ.

ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರ ಪಕ್ವವಾದದ್ದು ಬರೆಯುವವನನ್ನೂ ತಪಾಸಣೆ ಮಾಡುವವನನ್ನೂ ಬೇರ್ಪಡಿಸಿದಾಗ. ಓಪನ್‌ಸ್ಕ್ಯಾಪ್, ಇನ್‌ಸ್ಪೆಕ್‌ನಂಥ ಸಾಧನಗಳು ನಿಯಮವನ್ನೇ ಪರೀಕ್ಷೆಯಾಗಿಸಿ ದಿನವೂ ಓಡಿಸಬಲ್ಲವು. ಅದೂ ಸಾಲದು. ಫೈಲ್ ಓದಿ 'ಪಾಸ್' ಎಂದು ವರದಿ ಬಂದಿರುತ್ತದೆ, ಆದರೆ ಸರ್ವರನ್ನು ರೀಲೋಡ್ ಮಾಡದಿದ್ದರೆ ಅದು ಹಳೆಯ ನಿಯಮದಲ್ಲೇ ನಡೆಯುತ್ತಿರುತ್ತದೆ. ಆದ್ದರಿಂದ ಹೊರಗಿನಿಂದಲೂ ಕೇಳಿ ನೋಡಬೇಕು. ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಡಿಗ್ ಆಜ್ಞೆಯಿಂದ ನಿಮ್ಮ ಸರ್ವರನ್ನು, ಅದಕ್ಕೆ ಸಂಬಂಧವೇ ಇಲ್ಲದ ಹೆಸರೊಂದರ ವಿಳಾಸ ಕೇಳಿ. 'ರೆಫ್ಯೂಸ್ಡ್' ಎಂದು ಬಂದರೆ ರಿಕರ್ಷನ್ ಬಾಗಿಲು ನಿಜವಾಗಿ ಮುಚ್ಚಿದೆ.

ಯಾಂತ್ರೀಕರಣದ ಅತಿ ದೊಡ್ಡ ಲಾಭ ಸಿಕ್ಕಿದ್ದು, ಉತ್ತರ ನಿಜವೆಂದು ಡಿಜಿಟಲ್ ಸಹಿಯಿಂದ ಖಚಿತಪಡಿಸುವ ಡಿಎನ್‌ಎಸ್‌ಸೆಕ್‌ಗೆ. ರೂಟ್ ವಲಯಕ್ಕೆ ಡಿಜಿಟಲ್ ಸಹಿ ಬಿದ್ದದ್ದು 2010ರ ಜುಲೈ 15ರಂದು. ಸಹಿಗಳಿಗೆ ಅವಧಿಯಿದೆ; ನವೀಕರಿಸಲು ಮರೆತರೆ, ಸಹಿ ಪರೀಕ್ಷಿಸುವ ರಿಸಾಲ್ವರುಗಳ ಪಾಲಿಗೆ ಆ ಡೊಮೇನೇ ಮಾಯ. ಆ ಭಯಕ್ಕೆ ಎಷ್ಟೋ ಕಡೆ ಅದರ ತಂಟೆಗೇ ಹೋಗಲಿಲ್ಲ. 2012ರ ಬೈಂಡ್ 9.9 ಸಹಿಯ ಕೆಲಸವನ್ನು ತಾನೇ ವಹಿಸಿಕೊಂಡಿತು, 2020ರ 9.16 ಕೀಲಿ ಬದಲಾವಣೆಯನ್ನೂ ನೀತಿಯಾಗಿ ಬರೆಯಲು ಬಿಟ್ಟಿತು.

ಹಾಗೆಂದು ಯಂತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಆರು ಗಂಟೆಗಳಷ್ಟು ಕಾಲ ಮಾಯವಾಯಿತು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಒಳಜಾಲವನ್ನೇ ಕಡಿಯಿತು, ಅದನ್ನು ತಡೆಯಬೇಕಿದ್ದ ಆಡಿಟ್ ಸಾಧನದಲ್ಲೇ ದೋಷವಿತ್ತು. ಡೇಟಾ ಸೆಂಟರಿನ ಸಂಪರ್ಕ ಸಿಗದ ಡಿಎನ್‌ಎಸ್ ಸರ್ವರುಗಳು, ಬರೆದಿಟ್ಟ ನಿಯಮದಂತೆಯೇ, ತಮ್ಮ ದಾರಿಯನ್ನು ಜಾಲದಿಂದ ಹಿಂತೆಗೆದುಕೊಂಡವು.

ನಮ್ಮಲ್ಲಿ ಬೇಸ್‌ಲೈನಿಗೆ ಕಾನೂನಿನ ಬಲ ಬಂದದ್ದು 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಟ್ಟ ನಿರ್ದೇಶನದಿಂದ. ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ, 180 ದಿನಗಳ ಲಾಗ್, ಸರ್ವರ್ ಗಡಿಯಾರದ ಸಮನ್ವಯ ಎಲ್ಲವೂ ಕಡ್ಡಾಯ. ವಿದೇಶಿ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ಈ 180 ದಿನದ ಲೆಕ್ಕ ಅದರಲ್ಲಿ ಸಿಗುವುದಿಲ್ಲ, ನಾವೇ ಸೇರಿಸಬೇಕು.

ಮಾನ್ಯತಾದ ಕಂಪನಿಗಳಿಗೆ ಇದಕ್ಕೆಲ್ಲ ತಂಡಗಳಿವೆ. ಯಲಹಂಕದ ಕಡೆಯ ಸಣ್ಣ ಕಾಲೇಜುಗಳಂಥ ಕಡೆ ವೈ-ಫೈ, ಪರೀಕ್ಷಾ ಸರ್ವರ್, ಡಿಎನ್‌ಎಸ್ ಮೂರನ್ನೂ ಒಬ್ಬರೇ ನೋಡಿಕೊಳ್ಳಬೇಕಾಗಬಹುದು. ಪ್ರತಿ ನಿಯಮದ ಪಕ್ಕದಲ್ಲಿ ಅದು ಏಕೆ ಬೇಕು ಎಂಬ ಕಾರಣವನ್ನೂ ಬರೆದ, ಎಲ್ಲರೂ ಬಳಸಬಹುದಾದ ಒಂದು ಆನ್ಸಿಬಲ್ ರೋಲ್, ಅಂದರೆ ಸಿದ್ಧ ನಿಯಮಗಳ ಕಟ್ಟು, ಇವರಿಗೆ ಬೇಕು. ಕಾರಣ ತಿಳಿಯದ ನಿಯಮವನ್ನು ಮೊದಲ ತೊಂದರೆಗೇ ತೆಗೆದುಹಾಕುತ್ತಾರೆ. ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ರಾಜ್ಯ ಸರ್ಕಾರ ಕಟ್ಟಿದ ಸೈಸೆಕ್ ಸೈಬರ್ ಭದ್ರತಾ ಕೇಂದ್ರ ಇದನ್ನು ಕೈಗೆತ್ತಿಕೊಳ್ಳುವುದು ಸರಿಯೆನಿಸುತ್ತದೆ. ರಿಕರ್ಷನ್, ಡೊಮೇನಿನ ಇಡೀ ದಾಖಲೆಯನ್ನು ನಕಲು ಕೊಡುವ ಝೋನ್ ಟ್ರಾನ್ಸ್‌ಫರ್, ಲಾಗ್ ಈ ಮೂರರಿಂದ ಆರಂಭಿಸಬಹುದು. ಮೊದಲು ತಪಾಸಣೆಗಷ್ಟೇ ಓಡಿಸಿ ವರದಿ ನೋಡಲಿ. ಬದಲಾಯಿಸುವ ಅಧಿಕಾರವನ್ನು ಆಮೇಲೆ ಕೊಡಲಿ, ಅದೂ ಒಂದು ಸಲಕ್ಕೆ ಒಂದೇ ಸರ್ವರಿನ ಮೇಲೆ.