ದುಡಿಯಲು ಬಂದವರ ನೆಲೆ

ಹೈದರಾಲಿಯ ಕಾಲದಲ್ಲಿ ದಾವಣಗೆರೆಯನ್ನು ಜಹಗೀರಾಗಿ ಪಡೆದ ಮರಾಠಾ ಸರದಾರ ಅಪೋಜಿರಾಮನು ವರ್ತಕರಿಗೆ ಇಲ್ಲಿ ನೆಲೆಸಲು ಪ್ರೋತ್ಸಾಹವಿತ್ತನೆಂದು ಇತಿಹಾಸವು ಹೇಳುತ್ತದೆ. ಪೇಟೆಯನ್ನು ಕಟ್ಟಬಯಸಿದವನು ಬರುವವರ ನೆಲೆಯನ್ನು ಮೊದಲು ಯೋಚಿಸಿದನು. ಆ ವಿವೇಕವು ಮುಂದೆ ಎಷ್ಟರಮಟ್ಟಿಗೆ ಉಳಿಯಿತೆಂಬುದು ವಿಚಾರಾರ್ಹವಾಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಈ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದನ್ನು ತಂದವು. ಯಾತ್ರಿಕರಿಗೆ ಧರ್ಮಛತ್ರಗಳಿದ್ದವು, ಬಡ ವಿದ್ಯಾರ್ಥಿಗಳಿಗೆ ಮಠಗಳ ಉಚಿತ ಪ್ರಸಾದನಿಲಯಗಳಿದ್ದವು. ಆದರೆ ಸಂಸಾರ ಸಮೇತನಾಗಿ ಬಂದ ಕೂಲಿಕಾರನಿಗೆ ಬಾಡಿಗೆಯ ಕೋಣೆಯೇ ಗತಿಯಾಯಿತು.

ನೆರೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಗೊಂಡಿತು. ಅದರೊಡನೆ ಯಂತ್ರಪುರವೆಂಬ ವಸತಿಯೂ ಬೆಳೆಯಿತು. ಇದು ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ನೌಕರಿಯಿಂದ ದೊರೆತ ಮನೆಯು ನೌಕರಿ ಇರುವವರೆಗೆ ಮಾತ್ರ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆಯು ನಿಂತುಹೋದಾಗ ಈ ಸತ್ಯವು ಎಲ್ಲರ ಅರಿವಿಗೆ ಬಂದಿತು.

ಸರ್ಕಾರವೂ ಕೈಕಟ್ಟಿ ಕುಳಿತಿರಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯು ಮನೆಯೊಳಗಿದ್ದ ಬಾಡಿಗೆದಾರನನ್ನು ಕಾಪಾಡಿತು. ಆದರೆ ಒಮ್ಮೆ ಕೊಟ್ಟ ಮನೆಯನ್ನು ಬಿಡಿಸಿಕೊಳ್ಳುವುದು ಕಷ್ಟವೆಂದರಿತ ಮಾಲೀಕರು ಹೊಸಬರಿಗೆ ಕೊಡಲು ಹಿಂಜರಿದರು. 1999ರ ಕಾಯಿದೆಯು ಆ ಬಿಗಿಯನ್ನು ಸಡಿಲಿಸಿತು. ಆಶ್ರಯ ಮೊದಲಾದ ಯೋಜನೆಗಳು ಸ್ವಂತ ಮನೆಯನ್ನೇ ಗುರಿಯಾಗಿಸಿಕೊಂಡವು. ಬಾಡಿಗೆಯ ಮನೆಗಳಿಗೆಂದೇ ಕೇಂದ್ರ ಸರ್ಕಾರದ ಯೋಜನೆಯೊಂದು ಬಂದುದು 2020ರಲ್ಲಿ.

ಅಷ್ಟರಲ್ಲಿ ಗಿರಣಿಗಳ ಊರು ವಿದ್ಯೆಯ ಊರಾಗಿತ್ತು. 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ; ನಡುವೆ 1997ರಲ್ಲಿ ಜಿಲ್ಲಾಕೇಂದ್ರದ ಪಟ್ಟ. 2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ ನಾಲ್ಕು ಲಕ್ಷವನ್ನು ಮೀರಿತ್ತು. ನಾಲ್ವರು ವಿದ್ಯಾರ್ಥಿಗಳು ಕೂಡಿ ತೆರುವ ಬಾಡಿಗೆಯನ್ನು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬನು ತೆರಬಲ್ಲನೇ? ಸಹಜವಾಗಿಯೇ ಅವನು ಊರಂಚಿಗೆ ಸರಿಯುತ್ತಾನೆ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಇಷ್ಟೆ: ದುಡಿಯುವವರನ್ನು ಕರೆದ ಊರು ಅವರ ಸೂರಿನ ಹೊಣೆಯನ್ನೂ ಹೊರಬೇಕು. ನಮ್ಮ ಭಕ್ತರಲ್ಲಿ ಅನೇಕರು ಮನೆಗಳ ಒಡೆಯರು. ಮನೆ ಕೇಳಿ ಬಂದವನ ಕುಲವನ್ನು ವಿಚಾರಿಸಿ ಬಾಗಿಲು ಹಾಕಿಕೊಳ್ಳುವುದು ಬಸವಣ್ಣನವರ ಹೆಸರು ಹೇಳುವವರಿಗೆ ತಕ್ಕುದಲ್ಲ. ಹತ್ತು ಮನೆಗಳುಳ್ಳವರು ಒಂದನ್ನಾದರೂ ಕಾಯಕಜೀವಿಗೆ ಎಟಕುವ ಬಾಡಿಗೆಗೆ ಕೊಟ್ಟರೆ ಅದೂ ದಾಸೋಹವೇ. ಪ್ರಸಾದನಿಲಯದ ಆಶ್ರಯದಲ್ಲಿ ಓದಿ ಮೇಲೆ ಬಂದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.