ಫ್ರೀಹ್ಯಾಂಡ್

ವೃತ್ತಿಪರ ವೆಕ್ಟರ್ ಚಿತ್ರವಿನ್ಯಾಸಕ್ಕೆ ಬಳಕೆಯಲ್ಲಿದ್ದ ತಂತ್ರಾಂಶ. ವೆಕ್ಟರ್ ಚಿತ್ರಗಳು ಬಿಂದು, ರೇಖೆ, ವಕ್ರರೇಖೆಗಳ ಗಣಿತ ವಿವರಣೆಯಿಂದ ರೂಪುಗೊಳ್ಳುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಲಾಂಛನ, ನಕ್ಷೆ, ಅಕ್ಷರವಿನ್ಯಾಸಗಳಿಗೆ ಅವು ಹೆಚ್ಚು ಸೂಕ್ತ.

ಅಮೆರಿಕದ ಟೆಕ್ಸಾಸ್‌ನ ಆಲ್ಟ್‌ಸಿಸ್ ಕಂಪನಿ ರೂಪಿಸಿದ ಇದನ್ನು ಆಲ್ಡಸ್ ಸಂಸ್ಥೆ 1988ರಲ್ಲಿ ಮ್ಯಾಕಿಂಟಾಷ್ ಗಣಕಕ್ಕಾಗಿ ಮಾರುಕಟ್ಟೆಗೆ ತಂದಿತು. 1987ರಲ್ಲಿ ಬಂದಿದ್ದ ಅಡೋಬಿ ಇಲ್ಲಸ್ಟ್ರೇಟರ್ ಇದರ ನೇರ ಪ್ರತಿಸ್ಪರ್ಧಿ. ವಿಂಡೋಸ್ ಬಳಕೆದಾರರಲ್ಲಿ 1989ರ ಕೋರೆಲ್‌ಡ್ರಾ ನೆಲೆಯೂರಿತು. 1994ರಲ್ಲಿ ಅಡೋಬಿ ಆಲ್ಡಸ್‌ನೊಂದಿಗೆ ವಿಲೀನವಾದಾಗ, ಪೈಪೋಟಿ ಉಳಿಯಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫ್ರೀಹ್ಯಾಂಡನ್ನು ಆಲ್ಟ್‌ಸಿಸ್‌ಗೆ ಮರಳಿಸುವಂತೆ ಮಾಡಿತು. ಬಳಿಕ ಆಲ್ಟ್‌ಸಿಸ್ ಮ್ಯಾಕ್ರೋಮೀಡಿಯದ ಪಾಲಾಯಿತು.

ಒಂದೇ ಕಡತದಲ್ಲಿ ಬೇರೆ ಬೇರೆ ಅಳತೆಯ ಪುಟಗಳನ್ನು ಇರಿಸಬಹುದಾಗಿದ್ದುದು ಇದರ ಹೆಗ್ಗಳಿಕೆ. ಲೆಟರ್‌ಹೆಡ್, ಲಕೋಟೆ, ವಿಸಿಟಿಂಗ್ ಕಾರ್ಡ್‌ಗಳನ್ನು ಅಕ್ಕಪಕ್ಕದಲ್ಲಿಟ್ಟು ವಿನ್ಯಾಸಗೊಳಿಸಬಹುದಿತ್ತು. ಇಲ್ಲಸ್ಟ್ರೇಟರ್‌ಗೆ ಇಂಥ ಬಹು ಆರ್ಟ್‌ಬೋರ್ಡ್ ಸೌಲಭ್ಯ ಬಂದದ್ದು 2008ರಲ್ಲಿ.

2005ರಲ್ಲಿ ಅಡೋಬಿ ಮ್ಯಾಕ್ರೋಮೀಡಿಯವನ್ನು ಕೊಂಡಿತು. ಫ್ರೀಹ್ಯಾಂಡ್‌ನ ಅಭಿವೃದ್ಧಿಯನ್ನು ಮುಂದುವರಿಸುವುದಿಲ್ಲವೆಂದು 2007ರಲ್ಲಿ ಪ್ರಕಟಿಸಿತು. 2003ರ ಎಂಎಕ್ಸ್ ಆವೃತ್ತಿಯೇ ಕೊನೆಯದಾಯಿತು. ನಿಷ್ಠಾವಂತ ಬಳಕೆದಾರರ ಸಂಘಟನೆಯೊಂದು 2011ರಲ್ಲಿ ಏಕಸ್ವಾಮ್ಯದ ವಿರುದ್ಧ ಮೊಕದ್ದಮೆ ಹೂಡಿತು. ಮರುವರ್ಷ ಅದು ರಾಜಿಯಲ್ಲಿ ಇತ್ಯರ್ಥವಾಯಿತು.

2013ರಲ್ಲಿ ಅಡೋಬಿ ಇಲ್ಲಸ್ಟ್ರೇಟರ್ ಮೊದಲಾದ ತನ್ನ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ಸೀಮಿತಗೊಳಿಸಿದ ಮೇಲೆ ಪರ್ಯಾಯಗಳ ಹುಡುಕಾಟ ಚುರುಕಾಯಿತು. 2003ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಇಂಕ್‌ಸ್ಕೇಪ್, ಬ್ರಿಟನ್ನಿನ ಸೆರಿಫ್ ಕಂಪನಿ 2014ರಲ್ಲಿ ಹೊರತಂದ ಅಫಿನಿಟಿ ಡಿಸೈನರ್ ಇವುಗಳಲ್ಲಿ ಪ್ರಮುಖ. 2024ರಲ್ಲಿ ಅಫಿನಿಟಿಯನ್ನು ಕ್ಯಾನ್ವಾ ಸಂಸ್ಥೆ ಖರೀದಿಸಿತು. ತಂತ್ರಾಂಶದ ಗುಣದಷ್ಟೇ ಅದರ ಒಡೆತನವೂ ಕಲಾವಿದರ ಕೆಲಸವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಫ್ರೀಹ್ಯಾಂಡ್ ಸ್ಪಷ್ಟ ನಿದರ್ಶನ.