ಎಣ್ಣೆ ತೆಗೆಯುವ ವಿದ್ಯೆ: ಗಾಣದಿಂದ ಇಂಗಾಲದ ಡೈಆಕ್ಸೈಡಿನವರೆಗೆ

ಹರಿಹರದ ಹರಿಹರೇಶ್ವರ ದೇವಾಲಯವು ಕ್ರಿ.ಶ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನಿಂದ ನಿರ್ಮಿತವಾಯಿತು. ಆ ಕಾಲದ ಕನ್ನಡ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ಎಣ್ಣೆಯ ದತ್ತಿಗಳೂ ಗಾಣದೆರೆಯೆಂಬ ತೆರಿಗೆಯೂ ಪದೇಪದೇ ಉಕ್ತವಾಗಿವೆ. ಹತ್ತಿ, ಶೇಂಗಾಗಳ ವ್ಯಾಪಾರಕ್ಕೆ ಹೆಸರಾದ ದಾವಣಗೆರೆಯಲ್ಲಿ ಮುಂದೆ ಗಾಣದ ಸ್ಥಾನಕ್ಕೆ ಗಿರಣಿ ಬಂದಿತು. ಆದರೆ ಎಷ್ಟೇ ಒತ್ತಿದರೂ ಎಣ್ಣೆಯ ಒಂದಂಶ ಹಿಂಡಿಯಲ್ಲಿಯೇ ಉಳಿಯುತ್ತದೆ.

ಆ ಶೇಷವನ್ನು ಕರಗಿಸಿ ತೆಗೆಯುವ ಎರಡು ದಾರಿಗಳು 1879ರಲ್ಲಿ, ಒಂದೇ ವರ್ಷದಲ್ಲಿ, ಗೋಚರಿಸಿದವು. ಸಾಕ್ಸ್‌ಲೆಟ್ ಎಂಬ ವಿಜ್ಞಾನಿ ಹಾಲಿನ ಕೊಬ್ಬನ್ನು ದ್ರಾವಕದಿಂದ ಬೇರ್ಪಡಿಸುವ ಉಪಕರಣವನ್ನು ವರ್ಣಿಸಿದನು. ಹ್ಯಾನೆ ಮತ್ತು ಹೋಗಾರ್ತ್ ಎಂಬುವರು ಅಧಿಕ ಒತ್ತಡದ ಅನಿಲದಲ್ಲಿ ಘನವಸ್ತುಗಳು ಕರಗುವುದನ್ನು ರಾಯಲ್ ಸೊಸೈಟಿಗೆ ತಿಳಿಸಿದರು. ಇಂಗಾಲದ ಡೈಆಕ್ಸೈಡಿನ ಕ್ರಾಂತಿಕ ಸ್ಥಿತಿಯನ್ನು ಆಂಡ್ರ್ಯೂಸನು 1869ರಲ್ಲಿಯೇ ವಿವರಿಸಿದ್ದನು. ಸುಮಾರು 31 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 73 ವಾಯುಭಾರಗಳ ಒತ್ತಡ, ಇವೆರಡನ್ನೂ ಮೀರಿದಾಗ ಅದು ದ್ರವದಂತೆ ಕರಗಿಸುತ್ತದೆ, ಅನಿಲದಂತೆ ಸಂದುಗಳಲ್ಲಿ ಹರಿಯುತ್ತದೆ. ಒತ್ತಡವನ್ನು ಇಳಿಸಿದೊಡನೆ ಅನಿಲವು ಹೊರಟು ಎಣ್ಣೆ ಮಾತ್ರ ಉಳಿಯುತ್ತದೆ.

ಹೀಗಿದ್ದರೂ ಗೆದ್ದುದು ಮೊದಲನೆಯ ದಾರಿಯೇ. ಹೆಕ್ಸೇನಿಗೆ ಸಾಧಾರಣ ಪಾತ್ರೆ ಸಾಕು. ಎರಡನೆಯದಕ್ಕೆ ನೂರಾರು ವಾಯುಭಾರಗಳನ್ನು ತಾಳುವ ಉಕ್ಕಿನ ಪಾತ್ರೆ ಬೇಕು. 1960ರ ದಶಕದಲ್ಲಿ ಜರ್ಮನಿಯ ಕುರ್ಟ್ ಜೋಸೆಲ್ ಈ ವಿಧಾನದಿಂದ ಕಾಫಿಯ ಕೆಫೀನನ್ನು ತೆಗೆದ ಬಳಿಕವೇ ಅದು ಉದ್ಯಮವನ್ನು ಪ್ರವೇಶಿಸಿತು. ಅದೂ ಅಗ್ಗದ ಅಡುಗೆಯೆಣ್ಣೆಗಲ್ಲ, ಬೆಲೆಯುಳ್ಳ ಕಾಫಿ, ಹಾಪ್ಸ್, ಸಂಬಾರ ಪದಾರ್ಥಗಳಿಗೆ.

ಇಲ್ಲಿ ಉಷ್ಣತೆಯ ವರ್ತನೆ ವಿಚಿತ್ರವಾದುದು. ಕಡಿಮೆ ಒತ್ತಡದಲ್ಲಿ ಕಾಯಿಸಿದರೆ ಅನಿಲದ ಸಾಂದ್ರತೆ ಕುಗ್ಗಿ ಎಣ್ಣೆ ಕಡಿಮೆ ಕರಗುತ್ತದೆ. ಅಧಿಕ ಒತ್ತಡದಲ್ಲಿ ಕಾಯಿಸಿದರೆ ಎಣ್ಣೆಯ ಆವಿಯೊತ್ತಡ ಏರಿ ಹೆಚ್ಚು ಕರಗುತ್ತದೆ. ಆದುದರಿಂದ ಒಂದೊಂದೇ ಅಂಶವನ್ನು ಬದಲಿಸಿ ಪರೀಕ್ಷಿಸುವುದು ದಾರಿ ತಪ್ಪಿಸಬಹುದು. ಒತ್ತಡ, ಉಷ್ಣತೆ, ಕಾಲಗಳನ್ನು ಒಟ್ಟಿಗೆ ಬದಲಿಸಿ ಉತ್ತಮ ಬಿಂದುವನ್ನು ಅರಸುವ ಗಣಿತವನ್ನು ಬಾಕ್ಸ್ ಮತ್ತು ವಿಲ್ಸನ್ 1951ರಲ್ಲಿ ಪ್ರಕಟಿಸಿದರು. ದಾವಣಗೆರೆಯಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಆರಂಭವಾದುದೂ ಅದೇ ವರ್ಷ.

ಆದರೆ ಯಾವುದು ಉತ್ತಮವೆಂಬುದನ್ನು ಗಣಿತವು ನಿರ್ಣಯಿಸಲಾರದು. ಎಣ್ಣೆಯ ಪ್ರಮಾಣವೊಂದೇ ಅಳತೆಯಾದರೆ ಹೆಕ್ಸೇನೇ ಮೇಲು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಶೇಂಗಾ ಹಿಟ್ಟನ್ನು ಕಡಲೆಹಿಟ್ಟಿನೊಡನೆ ಬೆರೆಸಿ ಪುಷ್ಟಿಕರ ಆಹಾರವನ್ನು ರೂಪಿಸಿತ್ತು. ಹಿಂಡಿಯೂ ಮನುಷ್ಯನ ಆಹಾರವೆಂದು ಎಣಿಸಿದಾಗ ದ್ರಾವಕದ ಲೇಶವೂ ಉಳಿಯದ ವಿಧಾನದ ಬೆಲೆ ಬೇರೆಯಾಗುತ್ತದೆ. ಗಾಣದೆರೆಯ ಕಾಲದಂತೆಯೇ ಇಂದೂ, ಏನನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದೇ ಮೊದಲ ಪ್ರಶ್ನೆ.